ಎಷ್ಟು ಹಲ್ಲು ಬೇಕು, ಎಷ್ಟು ದುಡ್ಡು ಸಾಕು

ಜಪಾನಿನ ಶಿಮಾನೊ ಕಂಪನಿಯ 11 ಸ್ಪೀಡ್ ರೋಡ್ ಕ್ಯಾಸೆಟ್, ಅಂದರೆ ಸೈಕಲ್ಲಿನ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, ಮೂರು ದರ್ಜೆಯಲ್ಲಿ ಬಂದಿದೆ. ಮೂರರಲ್ಲೂ ಅತಿ ಚಿಕ್ಕ ಹಲ್ಲುಚಕ್ರಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 28 ಇರುವ ಮಾದರಿ ಸಿಗುತ್ತದೆ. ಮೂರನ್ನೂ ಒಂದೇ ಹಬ್ಬಿಗೆ ಹಾಕಬಹುದು, ಒಂದೇ ಚೈನು ಮೂರರ ಮೇಲೂ ಓಡುತ್ತದೆ. 105 ದರ್ಜೆಯದು 284 ಗ್ರಾಂ ತೂಗುತ್ತದೆ, ಅಲ್ಟೆಗ್ರಾ 251 ಗ್ರಾಂ, ಎಲ್ಲಕ್ಕಿಂತ ಮೇಲಿನ ಡ್ಯೂರಾ-ಏಸ್ 193 ಗ್ರಾಂ. ಬೆಲೆ ಏರುವ ರೀತಿಯೇ ಬೇರೆ. 105ರಿಂದ ಡ್ಯೂರಾ-ಏಸ್‌ಗೆ ಹೋಗುವಷ್ಟರಲ್ಲಿ ಅದು ಹಲವು ಪಟ್ಟಾಗಿರುತ್ತದೆ. ಆ ಹಣಕ್ಕೆ ಸಿಗುವುದು 91 ಗ್ರಾಂ ಹಗುರತನ. ದೊಡ್ಡ ಹಲ್ಲುಚಕ್ರಗಳನ್ನು ಟೈಟಾನಿಯಂನಲ್ಲಿ ಮಾಡಿರುವುದರಿಂದ ಬಂದ ಹಗುರತನ ಅದು. ಟೈಟಾನಿಯಂ ಹಲ್ಲು ಉಕ್ಕಿನ ಹಲ್ಲಿಗಿಂತ ಬೇಗ ಸವೆಯುತ್ತದೆ. ಈ ಲೆಕ್ಕ ವೃತ್ತಿಪರ ತಂಡಕ್ಕೆ ಒಪ್ಪುತ್ತದೆ. ತಿಂಗಳ ಸಂಬಳದಲ್ಲಿ ಉಳಿಸಿ ಸೈಕಲ್ ಕಟ್ಟಿಕೊಳ್ಳುವವರಿಗೆ ಒಪ್ಪುವುದಿಲ್ಲ.

ಹಾಗಿದ್ದರೂ ರೋಡ್ ಸೈಕಲ್ಲಿನ ಗೇರು ಭಾಗಗಳನ್ನು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ದರ್ಜೆಯದೇ: ಸೋರಾ ಸಾಕೇ, ಟಿಯಾಗ್ರಾ ಬೇಕೇ, ಇನ್ನಷ್ಟು ದುಡ್ಡು ಹಾಕಿ 105ಕ್ಕೇ ಹೋಗಬೇಕೇ? ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಅದಕ್ಕೆ ಮೊದಲು ತೀರ್ಮಾನವಾಗಬೇಕಾದ ಮೂರು ಸಂಗತಿಗಳಿವೆ. ಯಾವ ರಸ್ತೆ ಹತ್ತಬೇಕು, ಈಗಿರುವ ಸೈಕಲ್ಲಿನ ಯಾವ ಭಾಗಕ್ಕೆ ಯಾವುದು ಹೊಂದುತ್ತದೆ, ಮುಂದಿನ ಎರಡು ವರ್ಷ ಏನೇನು ಸವೆಯುತ್ತದೆ. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ದರ್ಜೆಯ ಆಯ್ಕೆ ಬಹುಪಾಲು ತಾನಾಗಿಯೇ ಆಗಿಬಿಡುತ್ತದೆ, ಖರ್ಚೂ ಇಳಿಯುತ್ತದೆ.

ಪೆಡಲಿನ ಬಲವನ್ನು ಹಿಂಚಕ್ರಕ್ಕೆ ಮುಟ್ಟಿಸುವ ಸರಣಿಯಲ್ಲಿ ಹೆಚ್ಚು ಭಾಗಗಳಿಲ್ಲ. ಮುಂದೆ ಕ್ರ್ಯಾಂಕ್, ಅದರ ಚೈನ್‌ರಿಂಗ್‌ಗಳು, ಅದು ತಿರುಗುವ ಬಾಟಮ್ ಬ್ರಾಕೆಟ್. ಹಿಂದೆ ಕ್ಯಾಸೆಟ್. ನಡುವೆ ಚೈನು. ಚೈನನ್ನು ಅತ್ತಿತ್ತ ದೂಡುವ ಎರಡು ಡಿರೇಲರ್‌ಗಳು. ಸವಾರರ ಬಾಯಲ್ಲಿ ಮುಂದಿನದು ಎಫ್‌ಡಿ, ಹಿಂದಿನದು ಆರ್‌ಡಿ. ಇವನ್ನು ಎಳೆಯುವ ಕೇಬಲ್, ಕೇಬಲ್ ಎಳೆಯುವ ಲಿವರ್. ಇಡೀ ಕಟ್ಟಿಗೆ ಗ್ರೂಪ್‌ಸೆಟ್ ಎಂದು ಹೆಸರು. ಶಿಮಾನೊದ ಏಣಿಯಲ್ಲಿ 8 ಸ್ಪೀಡಿನ ಕ್ಲಾರಿಸ್, 9 ಸ್ಪೀಡಿನ ಸೋರಾ, 10 ಸ್ಪೀಡಿನ ಟಿಯಾಗ್ರಾ, ಆಮೇಲೆ 105, ಅಲ್ಟೆಗ್ರಾ, ಡ್ಯೂರಾ-ಏಸ್. ಮೇಲಿನ ಮೂರು ಬಹುಕಾಲ 11 ಸ್ಪೀಡಿನಲ್ಲಿದ್ದು ಈಗ 12ಕ್ಕೆ ಏರಿವೆ. ಮೇಲಿನ ಮೆಟ್ಟಿಲಿನ ತಂತ್ರ ಕೆಲವು ವರ್ಷಗಳಲ್ಲಿ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಇಂದಿನ ಕ್ಲಾರಿಸ್ ಲಿವರಿನಲ್ಲಿ ಕೇಬಲ್ ಹ್ಯಾಂಡಲ್ ಟೇಪಿನ ಕೆಳಗೆ ಮರೆಯಾಗಿ ಹೋಗುತ್ತದೆ. ಒಂದು ಕಾಲಕ್ಕೆ ಅದು ದುಬಾರಿ ಲಿವರುಗಳ ಗುರುತಾಗಿತ್ತು.

ಒಂದು ಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬ ತೊಡಕು ಹುಟ್ಟಿದ್ದಕ್ಕೆ ಒಂದು ಇತಿಹಾಸವಿದೆ. ಟೂರ್ ದ ಫ್ರಾನ್ಸ್ ಡಿರೇಲರ್ ಬಳಕೆಗೆ ಒಪ್ಪಿದ್ದು 1937ರಲ್ಲಿ. ಅಲ್ಲಿಂದ ಸುಮಾರು ಅರ್ಧ ಶತಮಾನ ಗೇರು ಬದಲಿಸುವುದು ಕೈಯ ಅಂದಾಜಿನ ಕೆಲಸವಾಗಿತ್ತು. ಲಿವರನ್ನು ಸ್ವಲ್ಪ ಎಳೆದು, ಚೈನು ಸರಿಯಾದ ಹಲ್ಲಿಗೆ ಕೂತ ಸದ್ದು ಕೇಳಿ ನಿಲ್ಲಿಸುವುದು. ಆ ಕಾಲದಲ್ಲಿ ಯಾವ ಕಂಪನಿಯ ಲಿವರಿಗೆ ಯಾವ ಕಂಪನಿಯ ಡಿರೇಲರನ್ನಾದರೂ ಕಟ್ಟಬಹುದಿತ್ತು. 1984ರಲ್ಲಿ ಶಿಮಾನೊ ಡ್ಯೂರಾ-ಏಸ್‌ನಲ್ಲಿ ಕ್ಲಿಕ್ ಲಿವರನ್ನು ತಂದಿತು. ಒಂದು ಕ್ಲಿಕ್‌ಗೆ ಇಷ್ಟೇ ಕೇಬಲ್, ಅಷ್ಟು ಕೇಬಲ್ಲಿಗೆ ಡಿರೇಲರ್ ಇಷ್ಟೇ ಸರಿಯಬೇಕು, ಸರಿದ ಆ ದೂರ ಎರಡು ಹಲ್ಲುಚಕ್ರಗಳ ನಡುವಿನ ಅಂತರಕ್ಕೆ ಸಮವಾಗಬೇಕು. 1990ರಲ್ಲಿ ಆ ಕ್ಲಿಕ್ಕನ್ನು ಬ್ರೇಕ್ ಲಿವರಿನೊಳಕ್ಕೇ ಸೇರಿಸಲಾಯಿತು. ಇಟಲಿಯ ವಿಚೆಂಜಾದಲ್ಲಿ 1933ರಲ್ಲಿ ಶುರುವಾದ ಕಂಪಾನ್ಯೋಲೊ 1992ರಲ್ಲಿ ತನ್ನದೇ ಎರ್ಗೊಪವರ್ ಲಿವರನ್ನು, ಅಮೆರಿಕದ ಸ್ರ್ಯಾಮ್ 2006ರಲ್ಲಿ ಡಬಲ್‌ಟ್ಯಾಪ್ ಲಿವರನ್ನು ಮಾರುಕಟ್ಟೆಗೆ ಬಿಟ್ಟವು. ಸವಾರನಿಗೆ ಸುಖವಾಯಿತು. ಆದರೆ ಲಿವರ್, ಡಿರೇಲರ್, ಕ್ಯಾಸೆಟ್ ಮೂರೂ ಒಂದಕ್ಕೊಂದು ಗಂಟುಬಿದ್ದವು.

ಆ ಗಂಟು ಮಿಲಿಮೀಟರುಗಳದ್ದು. 8 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದಿಂದ ಮುಂದಿನದಕ್ಕೆ 4.8 ಮಿ.ಮೀ., 9ರಲ್ಲಿ ಸುಮಾರು 4.35, 10ರಲ್ಲಿ 3.95, 11ರಲ್ಲಿ 3.7ರ ಆಸುಪಾಸು. ಶಿಮಾನೊದ ಹಳೆಯ 10 ಸ್ಪೀಡ್ ರೋಡ್ ಲಿವರ್ ಒಂದು ಕ್ಲಿಕ್‌ಗೆ ಸರಿಸುಮಾರು 2.3 ಮಿ.ಮೀ. ಕೇಬಲ್ ಎಳೆಯುತ್ತದೆ, ಅದರ ಜೋಡಿ ಡಿರೇಲರ್ ಆ ಎಳೆತವನ್ನು 1.7 ಪಟ್ಟು ಮಾಡಿ ಸರಿಯುತ್ತದೆ. 11 ಸ್ಪೀಡಿನ ಲಿವರ್ ಸುಮಾರು 2.7 ಮಿ.ಮೀ. ಎಳೆಯುತ್ತದೆ, ಅದರ ಡಿರೇಲರ್ 1.4 ಪಟ್ಟು ಮಾತ್ರ ಸರಿಯುತ್ತದೆ. ಗುಣಿಸಿ ನೋಡಿದರೆ ಎರಡೂ ತಮ್ಮ ತಮ್ಮ ಕ್ಯಾಸೆಟ್ಟಿಗೆ ಸರಿಯಾಗಿವೆ. ಒಂದರ ಲಿವರಿಗೆ ಇನ್ನೊಂದರ ಡಿರೇಲರ್ ಕಟ್ಟಿದರೆ ಮೂರನೆಯ ಗೇರಿನಲ್ಲೇ ಚೈನು ಎರಡು ಹಲ್ಲುಗಳ ನಡುವೆ ಒದ್ದಾಡತೊಡಗುತ್ತದೆ.

ಇಲ್ಲಿ ಅತಿ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವ ಜಾಗ ಟಿಯಾಗ್ರಾ 4700. ಹೆಸರಿಗೆ ಅದು 10 ಸ್ಪೀಡ್. ಅದರ ಲಿವರು ಕೇಬಲ್ ಎಳೆಯುವ ಲೆಕ್ಕ ಮಾತ್ರ 11 ಸ್ಪೀಡಿನ ಕುಟುಂಬದ್ದು. ಹತ್ತು ವರ್ಷಕ್ಕೂ ಹೆಚ್ಚು ಓಡಿದ ಸೈಕಲ್ಲಿನಲ್ಲಿ 105 5700 ಸರಣಿಯ ಬಲಗೈ ಲಿವರ್ ಕೆಟ್ಟಿದೆ ಎಂದುಕೊಳ್ಳೋಣ. ಅಂಗಡಿಯಲ್ಲಿ ಹೊಸ 10 ಸ್ಪೀಡ್ ಲಿವರ್ ಎಂದರೆ ಸಿಗುವುದು ಬಹುತೇಕ 4700. ತಂದು ಹಾಕಿದರೆ ಹಳೆಯ ಆರ್‌ಡಿ ಜೊತೆ ಅದು ಕೆಲಸ ಮಾಡುವುದಿಲ್ಲ. ಆಗ ಉಳಿಯುವ ದಾರಿಗಳು ಹಲವು, ಪ್ರತಿಯೊಂದರ ಖರ್ಚೂ ಬೇರೆ. ಅತಿ ಅಗ್ಗದ್ದು ಅದೇ ಕಾಲದ ಸೆಕೆಂಡ್ ಹ್ಯಾಂಡ್ ಲಿವರ್ ಹುಡುಕುವುದು. ಟಿಯಾಗ್ರಾ 4600, 105 5700, ಅಲ್ಟೆಗ್ರಾ 6700, ಈ ಮೂರರಲ್ಲಿ ಯಾವುದಾದರೂ ಹಿಂದಿನ ಡಿರೇಲರಿಗೆ ನಡೆಯುತ್ತದೆ. ತೈವಾನಿನ ಮೈಕ್ರೋಶಿಫ್ಟ್ ಕಂಪನಿ ಹಳೆಯ ಶಿಮಾನೊ ಎಳೆತಕ್ಕೆ ಹೊಂದುವ 10 ಸ್ಪೀಡ್ ರೋಡ್ ಲಿವರುಗಳನ್ನು ಮಾಡಿದೆ, ಸಿಕ್ಕರೆ ಹೊಸದಾಗಿಯೇ ಕೊಳ್ಳಬಹುದು. ಹ್ಯಾಂಡಲ್ ತುದಿಗೆ ಸಿಕ್ಕಿಸುವ ಬಾರ್-ಎಂಡ್ ಶಿಫ್ಟರ್ ಇನ್ನೊಂದು ದಾರಿ. ಅದರೊಳಗೆ ಕೆಡುವ ಸಣ್ಣ ಭಾಗಗಳೇ ಕಡಿಮೆ, ದೂರದ ಪ್ರವಾಸಿಗರು ಇಂದಿಗೂ ಅದನ್ನು ನಂಬುತ್ತಾರೆ. ಇದೆಲ್ಲ ಬೇಡ, 4700 ಲಿವರುಗಳ ಜೋಡಿಯೇ ಬೇಕು ಎಂದರೆ ಜೊತೆಗೆ ಎರಡೂ ಡಿರೇಲರುಗಳನ್ನು ಕೊಳ್ಳಬೇಕು. ಆಗಲೂ ಚಕ್ರ, ಕ್ಯಾಸೆಟ್, ಚೈನು, ಕ್ರ್ಯಾಂಕ್ ಹಾಗೇ ಉಳಿಯುತ್ತವೆ. 11 ಸ್ಪೀಡಿಗೆ ಜಿಗಿದರೆ ಲಿವರು, ಡಿರೇಲರು, ಕ್ಯಾಸೆಟ್, ಚೈನು ಎಲ್ಲವೂ ಹೊಸದಾಗಬೇಕು, ಜೊತೆಗೆ ಹಿಂಚಕ್ರದ ಹಬ್ ಕೂಡ ತಕರಾರು ತೆಗೆಯಬಹುದು.

ಹಬ್‌ನ ತಕರಾರು ಎರಡು ಮಿಲಿಮೀಟರಿಗೂ ಕಡಿಮೆ ಅಳತೆಯದು. 8, 9, 10 ಸ್ಪೀಡ್ ಕ್ಯಾಸೆಟ್ ಕೂರುವ ಫ್ರೀಹಬ್‌ಗಿಂತ 11 ಸ್ಪೀಡ್ ರೋಡ್ ಫ್ರೀಹಬ್ ಸುಮಾರು 1.85 ಮಿ.ಮೀ. ಉದ್ದ. ಉದ್ದದ ಹಬ್ಬಿಗೆ ಹಳೆಯ ಕ್ಯಾಸೆಟ್ ಹಾಕುವುದು ಸುಲಭ, ಒಂದು ತೆಳು ಸ್ಪೇಸರ್ ಸಾಕು. ಗಿಡ್ಡ ಹಬ್ಬಿಗೆ ಸಾಮಾನ್ಯ 11 ಸ್ಪೀಡ್ ರೋಡ್ ಕ್ಯಾಸೆಟ್ ಕೂರುವುದಿಲ್ಲ. ಆದರೆ ಶಿಮಾನೊದ 11-34 ಹಲ್ಲಿನ 11 ಸ್ಪೀಡ್ ಕ್ಯಾಸೆಟ್ಟನ್ನು ಗಿಡ್ಡ ಹಬ್ಬಿಗೇ ಕೂರುವಂತೆ ಮಾಡಲಾಗಿದೆ. ದೊಡ್ಡ ಹಲ್ಲುಚಕ್ರ ಒಳಗೆ ಬಾಗಿ ಸ್ಪೋಕುಗಳ ಮೇಲಕ್ಕೆ ಚಾಚಿಕೊಳ್ಳುತ್ತದೆ. ಹಳೆಯ ಚಕ್ರವನ್ನು ಉಳಿಸಿಕೊಂಡೇ 11 ಸ್ಪೀಡಿಗೆ ಹೋಗಬೇಕೆನ್ನುವವರಿಗೆ ಈ ಒಂದು ಕ್ಯಾಸೆಟ್ ಒಂದು ಜೊತೆ ಚಕ್ರದ ದುಡ್ಡನ್ನೇ ಉಳಿಸಿಕೊಟ್ಟಿದೆ. ತೀರ ಅಗ್ಗದ ಸೈಕಲ್ಲುಗಳಲ್ಲಿ ಕ್ಯಾಸೆಟ್ ಇರುವುದೇ ಇಲ್ಲ. ಹಬ್ಬಿನ ಮೇಲಿನ ತಿರುಪಿಗೆ ತಿರುಗಿಸಿ ಕೂರಿಸುವ 7 ಸ್ಪೀಡ್ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ಆಕ್ಸಲಿನ ತುದಿಯಿಂದ ದೂರ ಉಳಿಯುವುದರಿಂದ ಗುಂಡಿ ಬಿದ್ದ ರಸ್ತೆಯಲ್ಲಿ ಆಕ್ಸಲ್ ಬಾಗುವುದು, ಮುರಿಯುವುದು ಉಂಟು. ಅಂಥ ಸೈಕಲ್ಲಿಗೆ ದುಬಾರಿ ಲಿವರ್ ಹಾಕುವ ಮೊದಲು ಕ್ಯಾಸೆಟ್ ಹಬ್ಬಿನ ಚಕ್ರ ಹಾಕಿಸುವುದೇ ಸರಿ.

ಇನ್ನು ರಸ್ತೆಯ ಮಾತು. ಬೆಂಗಳೂರಿನ ಸವಾರರು ತಮ್ಮ ಕಾಲಿನ ಶಕ್ತಿಯನ್ನು ಅಳೆದುಕೊಳ್ಳುವುದು ನಂದಿಬೆಟ್ಟದಲ್ಲಿ. ಅದಕ್ಕಿಂತ ಕಠಿಣವಾದದ್ದು ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿ. 36 ಹೇರ್‌ಪಿನ್ ತಿರುವುಗಳ ಆ ರಸ್ತೆ 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್‌ನ ಸವಾರರಿಗೆ ಚೆನ್ನಾಗಿ ಗೊತ್ತು. ಆಗುಂಬೆಗೆ 14 ತಿರುವು. ಇಂಥ ಕಡೆ ಸೈಕಲ್ಲಿನ ಅತಿ ಹಗುರ ಗೇರು ಎಷ್ಟು ಎನ್ನುವುದೇ ಮುಖ್ಯ. ಮುಂದೆ 34 ಹಲ್ಲು, ಹಿಂದೆ 28 ಎಂದುಕೊಳ್ಳೋಣ. 25 ಮಿ.ಮೀ. ಟೈರಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ವೇಗ ಗಂಟೆಗೆ 9.2 ಕಿ.ಮೀ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕಿಲೊ ಇದ್ದು ರಸ್ತೆ 8% ಏರಿದ್ದರೆ, ಅಷ್ಟು ವೇಗಕ್ಕೆ ಸುಮಾರು 175 ವ್ಯಾಟ್ ಶಕ್ತಿ ಬೇಕು. ಹಿಂದಿನ ದೊಡ್ಡ ಹಲ್ಲುಚಕ್ರವನ್ನು 34 ಮಾಡಿದರೆ ಅದೇ 60 ಸುತ್ತಿಗೆ ವೇಗ 7.6 ಕಿ.ಮೀ.ಗೆ ಇಳಿಯುತ್ತದೆ, ಬೇಕಾದ ಶಕ್ತಿ 145 ವ್ಯಾಟ್ ಆಸುಪಾಸಿಗೆ ಬರುತ್ತದೆ. ಹೊಸದಾಗಿ ಸೈಕಲ್ ಹಿಡಿದವರ ಮಟ್ಟಿಗೆ ಈ 30 ವ್ಯಾಟ್ ಅಂತರ ದೊಡ್ಡದು. 145 ವ್ಯಾಟ್‌ನಲ್ಲಿ ಕೂತು ತುಳಿಯುತ್ತಾ ಮೇಲೆ ಮುಟ್ಟಬಹುದಾದವರು 175ಕ್ಕೆ ಮಂಡಿ ಹಿಡಿದುಕೊಂಡು ಸೈಕಲ್ ತಳ್ಳಬೇಕಾಗಬಹುದು. ಒಂದು ಉಕ್ಕಿನ ಕ್ಯಾಸೆಟ್ಟಿನ ಬೆಲೆಗೆ ಇಷ್ಟು ಲಾಭ ಕೊಡುವ ಖರೀದಿ ರೋಡ್ ಸೈಕಲ್ಲಿನಲ್ಲಿ ಇನ್ನೊಂದಿಲ್ಲ.

ಅಗಲ ಹಲ್ಲಿನ ಕ್ಯಾಸೆಟ್ ಕೊಳ್ಳುವ ಮೊದಲು ಆರ್‌ಡಿಯ ಮಿತಿ ನೋಡಿಕೊಳ್ಳಬೇಕು. 105 ಆರ್7000ದ ಗಿಡ್ಡ ತೋಳಿನ ಡಿರೇಲರ್ 30 ಹಲ್ಲಿನವರೆಗೆ, ಉದ್ದ ತೋಳಿನದು 34ರವರೆಗೆ ಎಂದು ಕಂಪನಿಯೇ ಹೇಳಿದೆ. ಶಿಮಾನೊದ 8, 9 ಮತ್ತು ಹಳೆಯ 10 ಸ್ಪೀಡ್ ರೋಡ್ ಲಿವರುಗಳಿಗೆ ಅದೇ ಕಂಪನಿಯ 9 ಸ್ಪೀಡ್ ಮೌಂಟನ್ ಬೈಕ್ ಡಿರೇಲರ್ ಹೊಂದುತ್ತದೆ, ಎಳೆತದ ಲೆಕ್ಕ ಎರಡಕ್ಕೂ ಒಂದೇ. ಹಳೆಯ ಡಿಯೋರ್ ಅಥವಾ ಅಲಿವಿಯೊ ಆರ್‌ಡಿ ಹಾಕಿ ರೋಡ್ ಸೈಕಲ್ಲಿನಲ್ಲಿ 34, 36 ಹಲ್ಲು ಓಡಿಸುವ ಉಪಾಯ ಇದರಿಂದಲೇ ಬಂದದ್ದು. ಮುಂದಿನ ಚೈನ್‌ರಿಂಗಿನಲ್ಲೂ ದಾರಿಯಿದೆ. 2019ರಲ್ಲಿ ಬಂದ ಶಿಮಾನೊದ ಜಿಆರ್‌ಎಕ್ಸ್ ಸರಣಿಯಲ್ಲಿ 46/30 ಹಲ್ಲಿನ ಕ್ರ್ಯಾಂಕ್ ಇದೆ. ಅದರ ಚೈನ್‌ರಿಂಗ್ 2.5 ಮಿ.ಮೀ. ಹೊರಗೆ ಕೂರುವುದರಿಂದ ಎಫ್‌ಡಿ ಕೂಡ ಅದೇ ಸರಣಿಯದಾಗಬೇಕು. ದೊಡ್ಡ ಚೈನ್‌ರಿಂಗ್ 50ರಿಂದ 46ಕ್ಕೆ ಇಳಿದರೆ ವೇಗ ಹೋಯಿತು ಎಂದು ಹೆದರಬೇಕಿಲ್ಲ. 46/11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 47 ಕಿ.ಮೀ. ದಾಟುತ್ತದೆ. ರೇಸ್ ಓಡದವರು ಸಮತಟ್ಟಾದ ರಸ್ತೆಯಲ್ಲಿ ಆ ವೇಗ ಮುಟ್ಟುವುದೇ ಅಪರೂಪ.

ಕೊಂಡ ದಿನದ ಬೆಲೆಗಿಂತ ಮುಂದಿನ ವರ್ಷಗಳ ಖರ್ಚು ಚೈನಿನ ಮೇಲೆ ನಿಂತಿದೆ. ಚೈನಿನ ಒಂದು ಕೊಂಡಿಯಿಂದ ಮುಂದಿನದಕ್ಕೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ.; 8 ಸ್ಪೀಡಾಗಲಿ 12 ಸ್ಪೀಡಾಗಲಿ ಇದು ಬದಲಾಗಿಲ್ಲ. ಬದಲಾಗಿರುವುದು ಅಗಲ. 8 ಸ್ಪೀಡ್ ಚೈನಿನ ಹೊರ ಅಗಲ 7 ಮಿ.ಮೀ.ಗಿಂತ ತುಸು ಹೆಚ್ಚು, 11 ಸ್ಪೀಡಿನದು 5.5 ಆಸುಪಾಸು. ಪಿನ್ನುಗಳು ಸವೆದಂತೆ ಚೈನು ಉದ್ದವಾಗುತ್ತದೆ. ಉದ್ದವಾದ ಚೈನು ಕ್ಯಾಸೆಟ್ಟಿನ ಹಲ್ಲುಗಳನ್ನು ತನ್ನ ಅಳತೆಗೆ ಉಜ್ಜಿಕೊಳ್ಳುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ ಜಾರುತ್ತದೆ, ಕ್ಯಾಸೆಟ್ಟೂ ಹೋಯಿತು ಎಂದೇ ಅರ್ಥ. ಇನ್ನೂ ಬಿಟ್ಟರೆ ಚೈನ್‌ರಿಂಗ್‌ಗಳ ಸರದಿ. ಹೀಗಾಗಿ ಗೇರು ಭಾಗಗಳಲ್ಲಿ ಮೊದಲು ಕೊಳ್ಳಬೇಕಾದ ಸಾಧನ ಸವೆತ ಅಳೆಯುವ ಚೈನ್ ಚೆಕ್ಕರ್. ಅದಿಲ್ಲದಿದ್ದರೆ ಉಕ್ಕಿನ ಅಡಿಪಟ್ಟಿಯೇ ಸಾಕು. 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು, ಒಂದೂವರೆ ಮಿ.ಮೀ. ಹೆಚ್ಚಾದರೆ 0.5% ಸವೆತ. 11, 12 ಸ್ಪೀಡಿನ ಚೈನನ್ನು ಅಷ್ಟಕ್ಕೇ ಬದಲಿಸಬೇಕು. 8, 9, 10ರದ್ದನ್ನು 0.75%ವರೆಗೆ, ಅಂದರೆ ಸುಮಾರು 2.3 ಮಿ.ಮೀ. ತನಕ ಓಡಿಸಬಹುದು. ಹೀಗೆ ಕಾಲಕಾಲಕ್ಕೆ ಚೈನು ಬದಲಿಸಿದರೆ ಒಂದೇ ಕ್ಯಾಸೆಟ್ ಎರಡು ಮೂರು ಚೈನುಗಳ ಕಾಲ ಬಾಳುತ್ತದೆ.

ಅಗ್ಗದ ಗೇರಿನಲ್ಲಿ ಶಕ್ತಿ ಪೋಲಾಗುತ್ತದೆ ಎಂಬ ನಂಬಿಕೆ ಹಳೆಯದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಗೆ ನಡೆದ ಪ್ರಯೋಗದಲ್ಲಿ ಸೈಕಲ್ ಚೈನು ಗರಿಷ್ಠ 98.6% ಶಕ್ತಿಯನ್ನು ಮುಂದಕ್ಕೆ ದಾಟಿಸಿತು. ಹಲ್ಲುಚಕ್ರ ದೊಡ್ಡದಾದಷ್ಟು, ಚೈನಿನ ಬಿಗಿ ಹೆಚ್ಚಿದಷ್ಟು ಫಲ ಹೆಚ್ಚು ಎಂದು ಅಲ್ಲಿ ಕಂಡುಬಂತು. ಪ್ರಯೋಗಾಲಯದ ಶುಭ್ರ ಚೈನಿನಲ್ಲಿ ಯಾವ ಎಣ್ಣೆ ಎಂಬುದು ಹೆಚ್ಚೇನೂ ವ್ಯತ್ಯಾಸ ಮಾಡಲಿಲ್ಲ. ರಸ್ತೆಯಲ್ಲಿ ಹಾಗಲ್ಲ. ಉತ್ತರ ಕರ್ನಾಟಕದ ಬೇಸಿಗೆಯ ದೂಳು ಎಣ್ಣೆಯ ಜೊತೆ ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕೆಸರುನೀರು ಎಣ್ಣೆಯನ್ನೇ ತೊಳೆದು ಮರಳನ್ನು ರೋಲರುಗಳೊಳಗೆ ಕೂರಿಸುತ್ತದೆ. ಒಣ ಹವೆಯ ಊರುಗಳಲ್ಲಿ ಚೈನನ್ನು ಪೂರ್ತಿ ಜಿಡ್ಡು ತೆಗೆದು ಕರಗಿದ ಪ್ಯಾರಫಿನ್ ಮೇಣದಲ್ಲಿ ಅದ್ದುವ ಪದ್ಧತಿ ಬಹಳ ಪ್ರಯೋಜನಕಾರಿ. ಮೇಣಕ್ಕೆ ದೂಳು ಅಂಟುವುದು ಕಡಿಮೆ, ಸವೆತವೂ ಕಡಿಮೆ. ಮಳೆಯಲ್ಲಿ ನೆನೆದ ಮೇಲೆ ಮಾತ್ರ ಮತ್ತೆ ಅದ್ದಲೇಬೇಕು, ಇಲ್ಲದಿದ್ದರೆ ತುಕ್ಕು ಬೇಗ ಹಿಡಿಯುತ್ತದೆ. ದಿನವೂ ಮಳೆಯಲ್ಲಿ ಓಡಿಸುವವರಿಗೆ ಮಳೆಗಾಲದ ಎಣ್ಣೆ, ಒರೆಸುವ ಬಟ್ಟೆ, ಪ್ರತಿ ಸವಾರಿಯ ನಂತರ ಐದು ನಿಮಿಷ, ಇವೇ ಸಾಕು.

ಕೇಬಲ್ಲಿನ ಸಂಗತಿ ಇನ್ನೂ ಸರಳ. ಗೇರು ಸರಿಯಾಗಿ ಬೀಳುತ್ತಿಲ್ಲ, ಹಾಗಾಗಿ ಮೇಲಿನ ದರ್ಜೆಯ ಡಿರೇಲರ್ ಬೇಕು ಎಂದುಕೊಳ್ಳುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಹೊಸ ಕೇಬಲ್ ಮತ್ತು ಅದರ ಹೊರಕವಚವಾದ ಹೊಸ ಔಟರ್. ಗೇರಿನ ಒಳತಂತಿ 1.2 ಮಿ.ಮೀ. ದಪ್ಪ. ಶಿಮಾನೊದ 7 ಸ್ಪೀಡಿನ ಟೂರ್ನಿ ಗ್ರೂಪ್‌ಸೆಟ್ಟಿಗೂ ಮೆಕ್ಯಾನಿಕಲ್ ಡ್ಯೂರಾ-ಏಸ್‌ಗೂ ಅದೇ ತಂತಿ ನಡೆಯುತ್ತದೆ. ಗೇರಿನ ಔಟರ್ ಮತ್ತು ಬ್ರೇಕಿನ ಔಟರ್ ಬೇರೆ ಬೇರೆ. ಗೇರಿನದನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಅದು ಸೀಳಿಹೋಗಬಹುದು, ಜೀವಕ್ಕೇ ಅಪಾಯ. ಶಿಮಾನೊದ 11 ಸ್ಪೀಡ್ ಲಿವರುಗಳಲ್ಲಿ ಹಿಂಬದಿಯ ಕೇಬಲ್ ಲಿವರಿನೊಳಗೇ ಎಳೆಎಳೆಯಾಗಿ ಬಿಚ್ಚಿಕೊಳ್ಳುವ ದೌರ್ಬಲ್ಯವಿದೆ. ತುಂಡಾದ ತಲೆ ಒಳಗೆ ಸಿಕ್ಕಿಕೊಂಡರೆ ಲಿವರ್ ಕಳೆದುಕೊಳ್ಳುವ ಸಂದರ್ಭವೂ ಬರುತ್ತದೆ. ಹೆಚ್ಚು ಓಡಿಸುವವರು ವರ್ಷಕ್ಕೊಮ್ಮೆ ಕೇಬಲ್ ಬದಲಿಸುವುದು ಕ್ಷೇಮ. 13 ಗಂಟೆ 30 ನಿಮಿಷದೊಳಗೆ 200 ಕಿ.ಮೀ., 40 ಗಂಟೆಯೊಳಗೆ 600 ಕಿ.ಮೀ. ಮುಗಿಸಬೇಕಾದ ಬ್ರೆವೇ ಸವಾರಿಗಳಿಗೆ ಹೋಗುವವರ ಚೀಲದಲ್ಲಂತೂ ಒಂದು ಗೇರು ಕೇಬಲ್ ಇರಲೇಬೇಕು.

ಈ ಬಿಡಿಭಾಗದ ಲೆಕ್ಕದಲ್ಲಿ 8 ಸ್ಪೀಡಿನ ಪರವಾಗಿ ಬಲವಾದ ಒಂದು ಮಾತಿದೆ. 6, 7, 8 ಸ್ಪೀಡ್ ಮೂರಕ್ಕೂ ಒಂದೇ ಚೈನು ನಡೆಯುತ್ತದೆ. ಗೇರಿನ ಸೈಕಲ್ ಮಾರುವ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಅದು ಸಿಗುವ ಸಾಧ್ಯತೆ ಹೆಚ್ಚು. 12 ಸ್ಪೀಡ್ ಚೈನು ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು. 8 ಸ್ಪೀಡಿನಲ್ಲೂ 11-32, 11-34 ಹಲ್ಲಿನ ಕ್ಯಾಸೆಟ್ ಇದೆ, ಅಂದರೆ ಬೆಟ್ಟ ಹತ್ತುವ ಹಗುರ ಗೇರು ಕಡಿಮೆ ಬೆಲೆಗೇ ಸಿಗುತ್ತದೆ. ಕಳೆದುಕೊಳ್ಳುವುದು ನಡುವಿನ ಗೇರುಗಳನ್ನು. ಗುಂಪಿನಲ್ಲಿ ಒಂದೇ ವೇಗದಲ್ಲಿ ಓಡುವಾಗ ಒಂದು ಗೇರು ಭಾರ, ಮುಂದಿನದು ತೀರ ಹಗುರ ಎನಿಸುತ್ತದೆ. ರೇಸಿನಲ್ಲಿ ಇದು ನಿಜವಾದ ಕೊರತೆ. ಕೆಲಸಕ್ಕೆ ಹೋಗಿಬರುವವರಿಗೆ, ವಾರಾಂತ್ಯದ ದೂರದ ಸವಾರರಿಗೆ ಒಗ್ಗಿಹೋಗುವ ಸಂಗತಿ.

ರೇಸಿನ ಮಾತು ಬಂದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳನ್ನು ನೆನೆಯಬೇಕು. ರಾಷ್ಟ್ರಮಟ್ಟದ ಕೂಟಗಳಿಗೆ ಸೈಕ್ಲಿಸ್ಟ್‌ಗಳನ್ನು ಕಳಿಸುತ್ತ ಬಂದ ನಾಡು ಅದು. ಅಲ್ಲಿನ ಸವಾರರಲ್ಲಿ ರೈತ ಕುಟುಂಬದ ಮಕ್ಕಳು ಬಹಳ. ಅಂಥವರಿಗೆ ಗೇರು ಭಾಗದ ಬೆಲೆ ಎಂದರೆ ಒಂದು ಋತುವಿನ ಮನೆಖರ್ಚಿನ ಪ್ರಶ್ನೆ. ಅಭ್ಯಾಸದ ಸೈಕಲ್ಲಿಗೆ ಉಕ್ಕಿನ ಕ್ಯಾಸೆಟ್, ಸಾಧಾರಣ ಚೈನು. ಕೂಟದ ದಿನಕ್ಕೆ ಬೇರೆ ಕ್ಯಾಸೆಟ್, ಬೇರೆ ಚೈನು ತೆಗೆದಿಟ್ಟುಕೊಳ್ಳುವುದು ಅವರಿಗೆ ಸರಿಹೊಂದುವ ಕ್ರಮ. ಎರಡು ಕ್ಯಾಸೆಟ್ಟೂ ಒಂದೇ ಸ್ಪೀಡಿನವಾಗಿದ್ದರೆ ಬದಲಿಸುವುದು ಹತ್ತು ನಿಮಿಷದ ಕೆಲಸ. 8ರಿಂದ 11 ಸ್ಪೀಡಿನವರೆಗೆ ಶಿಮಾನೊ ಮತ್ತು ಸ್ರ್ಯಾಮ್ ಕ್ಯಾಸೆಟ್‌ಗಳ ಅಂತರ ಒಂದೇ ಆಗಿರುವುದರಿಂದ, ಯಾವುದು ಕಡಿಮೆ ಬೆಲೆಗೆ ಸಿಕ್ಕಿತೋ ಅದನ್ನು ಕೊಳ್ಳಬಹುದು. ಲಿವರ್ ಮತ್ತು ಡಿರೇಲರ್ ಮಾತ್ರ ಒಂದೇ ಎಳೆತದ ಲೆಕ್ಕದವಾಗಿರಬೇಕು. ಸ್ರ್ಯಾಮ್‌ನ ಎಳೆತದ ಲೆಕ್ಕ ಬೇರೆಯದು.

ಬೇರೆ ಕಂಪನಿಗಳ ವಿಷಯ ಹೆಚ್ಚು ಹೊತ್ತು ಬೇಡುವುದಿಲ್ಲ. ಕಂಪಾನ್ಯೋಲೊ ಸುಂದರ, ಆದರೆ ನಮ್ಮಲ್ಲಿ ಬಿಡಿಭಾಗ ಸಿಗುವುದು ಕಷ್ಟ, ಹಬ್ ಕೂಡ ಅದಕ್ಕೆ ಹೊಂದುವುದೇ ಬೇಕು. ಮೈಕ್ರೋಶಿಫ್ಟ್ ಗಟ್ಟಿಮುಟ್ಟು, ಅದರ ಬೆಲೆ ನ್ಯಾಯವಾದದ್ದು. ಚೀನಾದ ಸೆನ್ಸಾ, ಎಲ್-ಟೂ ಲಿವರುಗಳು ತೀರ ಅಗ್ಗ. ಕೆಲಸ ಮಾಡುತ್ತವೆ, ಆದರೆ ಕೆಟ್ಟರೆ ಬದಲಿ ಎಲ್ಲಿ ಸಿಗುತ್ತದೆ ಎನ್ನುವುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ವಿದೇಶದಿಂದ ತರಿಸುವುದಾದರೆ ಜಾಲತಾಣದ ಬೆಲೆಗೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಸಾಗಣೆ ಸೇರಿಸಿಯೇ ಹೋಲಿಸಬೇಕು. ದೇಶದೊಳಗೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ; ಹಳೆಯ ಬೆಲೆಪಟ್ಟಿ ನೋಡಿಕೊಂಡು ಲೆಕ್ಕ ಹಾಕಿದವರು ಮತ್ತೊಮ್ಮೆ ಹಾಕಿ ನೋಡಬಹುದು. ನಕಲಿ ಚೈನು, ನಕಲಿ ಬಾಟಮ್ ಬ್ರಾಕೆಟ್‌ಗಳು ಮಾರುಕಟ್ಟೆಯಲ್ಲಿವೆ. ಹೆಸರಾಂತ ಚೈನು ಅಂಗಡಿಗಳ ಬೆಲೆಯ ಅರ್ಧಕ್ಕೆ ಸಿಗುತ್ತದೆ ಎಂದರೆ ಅನುಮಾನಿಸಬೇಕು. ಏರಿನಲ್ಲಿ ನಿಂತು ತುಳಿಯುವಾಗ ಚೈನು ತುಂಡಾದರೆ ಸವಾರ ನೇರ ಹ್ಯಾಂಡಲಿನ ಮೇಲೆ ಬೀಳುತ್ತಾನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕ್ರ್ಯಾಂಕ್ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಕಾರಣ ದಾಖಲೆಯಲ್ಲೇ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ತನ್ನ 11 ಸ್ಪೀಡ್ ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾ ಕ್ರ್ಯಾಂಕ್‌ಗಳ ದೊಡ್ಡ ತಪಾಸಣೆಗೆ ಕರೆ ಕೊಟ್ಟಿತು. ಎರಡು ತುಂಡು ಅಲ್ಯೂಮಿನಿಯಂ ಅಂಟಿಸಿ ಮಾಡಿದ, 2019ರ ಜುಲೈಗೆ ಮೊದಲು ತಯಾರಾದ ಕ್ರ್ಯಾಂಕ್‌ಗಳಲ್ಲಿ ಅಂಟು ಬಿಟ್ಟು ತೋಳು ಬೇರ್ಪಡುವ ದೂರುಗಳು 4,500 ದಾಟಿದ್ದವು. ಅಮೆರಿಕ, ಕೆನಡಾ ಎರಡರಲ್ಲೇ ಸುಮಾರು 7,60,000 ಕ್ರ್ಯಾಂಕ್‌ಗಳು ಆ ಪಟ್ಟಿಗೆ ಬಂದವು. ಅಲ್ಟೆಗ್ರಾ 6800, ಆರ್8000, ಡ್ಯೂರಾ-ಏಸ್ 9000, ಆರ್9100 ಅದರಲ್ಲಿವೆ. 105 ಇಲ್ಲ. ಹಳೆಯ ಅಲ್ಟೆಗ್ರಾ ಕ್ರ್ಯಾಂಕ್ ಅಗ್ಗಕ್ಕೆ ಬಂದಿದೆ ಎಂದರೆ ತೋಳಿನ ಒಳಮೈಯಲ್ಲಿರುವ ತಯಾರಿಕಾ ಅಕ್ಷರಗಳನ್ನು ಕಂಪನಿಯ ಪಟ್ಟಿಯ ಜೊತೆ ಹೋಲಿಸಿ ನೋಡದೆ ಹಣ ಕೊಡಬಾರದು. ಸೀಳಿನ ಗೆರೆ, ಕರಕರ ಸದ್ದು ಎರಡೂ ಬೇಡ. ಅದೇ ದುಡ್ಡಿಗೆ ಹೊಸ 105 ಅಥವಾ ಟಿಯಾಗ್ರಾ ಕ್ರ್ಯಾಂಕ್ ಹೆಚ್ಚು ನೆಮ್ಮದಿಯ ವಸ್ತು. ಕ್ಯಾಸೆಟ್, ಚೈನುಗಳನ್ನು ಹಳೆಯದಾಗಿ ಕೊಳ್ಳುವುದೇ ಬೇಡ. ಡಿರೇಲರ್ ಕೊಳ್ಳಬಹುದು, ಅದರ ಜಾಕಿ ಚಕ್ರ ಸವೆದಿದ್ದರೂ ಬದಲಿಸಬಹುದು, ಕೀಲುಗಳು ಅಲ್ಲಾಡದಿದ್ದರೆ ಆಯಿತು.

ಮಾರುಕಟ್ಟೆ ಈಗ ಸಂಧಿಕಾಲದಲ್ಲಿದೆ. 2022ರಲ್ಲಿ ಶಿಮಾನೊ 12 ಸ್ಪೀಡಿನ 105 ತಂದಾಗ ಅದು ಮೊದಲು ವಿದ್ಯುತ್ ಚಾಲಿತ ಡಿಐ2 ರೂಪದಲ್ಲಿ ಮಾತ್ರ ಇತ್ತು. ಕೇಬಲ್ಲಿನ 105 ಬಂದದ್ದು ಮರುವರ್ಷ. ಅಲ್ಟೆಗ್ರಾ, ಡ್ಯೂರಾ-ಏಸ್‌ಗಳ 12 ಸ್ಪೀಡಿನಲ್ಲಿ ಕೇಬಲ್ ಇಲ್ಲವೇ ಇಲ್ಲ. 2023ರಲ್ಲಿ ಬಂದ ಕ್ಯೂಸ್ ಸರಣಿ ಇನ್ನೊಂದು ದಿಕ್ಕು ಹಿಡಿದಿದೆ. ಅದರ 9, 10, 11 ಸ್ಪೀಡ್‌ಗಳಿಗೆ ಒಂದೇ ಚೈನು, ಒಂದೇ ಎಳೆತದ ಲೆಕ್ಕ. ದಪ್ಪ ಹಲ್ಲಿನ ಲಿಂಕ್‌ಗ್ಲೈಡ್ ಕ್ಯಾಸೆಟ್ ಹಳೆಯದಕ್ಕಿಂತ ಮೂರು ಪಟ್ಟು ಬಾಳುತ್ತದೆ ಎಂದು ಕಂಪನಿ ಹೇಳುತ್ತದೆ, ತೂಕ ಹೆಚ್ಚು. ಮೊದಲು ನೇರ ಹ್ಯಾಂಡಲಿಗೆ ಬಂದದ್ದು ಆಮೇಲೆ ರೋಡ್ ಸೈಕಲ್ಲಿನ ಬಾಗಿದ ಹ್ಯಾಂಡಲಿಗೂ ಬಂದಿದೆ. ಸೀಮಿತ ಹಣದ ಸವಾರನಿಗೆ ತೂಕಕ್ಕಿಂತ ಬಾಳಿಕೆ ಮುಖ್ಯವಾದ್ದರಿಂದ ಇದು ಸ್ವಾಗತಾರ್ಹ. ಆದರೆ ಕ್ಯೂಸ್ ಹಳೆಯ ಯಾವ ರೋಡ್ ಸರಣಿಯ ಜೊತೆಗೂ ಬೆರೆಯುವುದಿಲ್ಲ. ಹೊಸ ಸೈಕಲ್ ಕೊಳ್ಳುವಾಗ ಅದರೊಂದಿಗೇ ಬಂದರೆ ಚೆನ್ನ, ಹಳೆಯದಕ್ಕೆ ಬಿಡಿಬಿಡಿಯಾಗಿ ಸೇರಿಸಲು ಹೋದರೆ ದುಬಾರಿ.

ಈಗಾಗಲೇ 10 ಅಥವಾ 11 ಸ್ಪೀಡಿನ ಕೇಬಲ್ ಗೇರು ಇರುವವರು ಇದೆಲ್ಲದರ ನಡುವೆ ಅವಸರ ಪಡಬೇಕಾಗಿಲ್ಲ. ಆ ಸರಣಿಗಳ ಚೈನು, ಕ್ಯಾಸೆಟ್ ಇನ್ನೂ ಬಹುಕಾಲ ಸಿಗುತ್ತವೆ, ಕೆಎಂಸಿಯಂಥ ಕಂಪನಿಗಳೂ ಅವನ್ನು ಮಾಡುತ್ತವೆ. ಮೊದಲು ಕಾಣೆಯಾಗುವುದು ಲಿವರ್, ಅದರಲ್ಲೂ ಹೆಚ್ಚು ಕ್ಲಿಕ್ ತಿನ್ನುವ ಬಲಗೈಯದು. ಆರ್7000ದಂಥ ಸರಣಿಯ ದಾಸ್ತಾನು ರಿಯಾಯಿತಿ ಬೆಲೆಗೆ ಹೊರಬರುವಾಗ ಚೈನು, ಕ್ಯಾಸೆಟ್‌ಗಳ ಮೇಲೆ ಕಣ್ಣು ಹಾಕುವ ಮೊದಲು ಆ ಬಲಗೈ ಲಿವರ್ ಬಿಡಿಯಾಗಿ ಇದೆಯೇ ಎಂದು ಅಂಗಡಿಯವರನ್ನು ಕೇಳಬೇಕು.